ಗುಡಿಸಲಿಗೊಂದು ಬಾಗಿಲು

ಹಿರಿಯೂರಿನ ನಮ್ಮ ಕಾಲೇಜಿನಲ್ಲಿ ‘ಸಮಾನತೆ ಸಪ್ತಾಹ’ ಅಂತ ಒಂದು ಕಾರ್ಯಕ್ರಮ ಹಾಕಿಕೊಂಡಾಗ ನಾಟಕದ ಹೊಣೆ ನನ್ನ ತಲೆಗೆ ಬಿತ್ತು. ನಾನು ಸಮಾಜಶಾಸ್ತ್ರ ಪಾಠ ಮಾಡುವವಳು. ಎಲ್ಲ ಗೊತ್ತು ಎಂಬ ಜಂಬ ಸ್ವಲ್ಪ ಹೆಚ್ಚೇ ಇತ್ತು. ನಮ್ಮ ಸುತ್ತಲಿನ ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣುಮಕ್ಕಳನ್ನು ಹಟ್ಟಿಯ ಹೊರಗಿನ ಗುಡಿಸಲಿನಲ್ಲಿ ಇರಿಸುವ ಪದ್ಧತಿಯ ಮೇಲೆ ನಾಟಕ ಬರೆದೆ. ಗುಡಿಸಲಿನ ಹುಡುಗಿಯ ಪಾತ್ರಕ್ಕೆ ಎರಡನೇ ವರ್ಷದ ಮೌನಿಕಾ ತಾನಾಗಿ ಬಂದಳು. ಅವಳೂ ಗೊಲ್ಲರಹಟ್ಟಿಯವಳು, ತಿಂಗಳಿಗೆ ಮೂರು ದಿನ ಹೊರಗೆ ಮಲಗುವವಳು.

“ನಮ್ಮಜ್ಜಿಗೆ ಗೊತ್ತಾಗಬಾರ್ದು ಮೇಡಂ. ಕಾಲೇಜು ಬಿಡಿಸ್ತಾಳೆ. ನಮ್ಮನ್ನೆಲ್ಲ ಹೊರಗೆ ಕಳಿಸೋಳೇ ಅವಳು,” ಎಂದಿದ್ದಳು.

ನಮ್ಮ ವಿದ್ಯಾರ್ಥಿ ಪ್ರದೀಪ್ ರಂಗದ ಗುಡಿಸಲಿಗೆ ಪ್ಲೈವುಡ್ ಬಾಗಿಲು ಮಾಡಿ, ಅಂಗೈಯಗಲದ ಬೀಗ ತೂಗುಹಾಕಿದ. ಭೇಷ್ ಎಂದೆ. ಮೌನಿಕಾ ಆ ಬಾಗಿಲು ನೋಡುತ್ತ ಏನೋ ಹೇಳಲು ಬಂದು ಸುಮ್ಮನಾದಳು. ನಾನೂ ಕೇಳಲಿಲ್ಲ.

ನಾಟಕದ ದಿನ ಪರದೆಯ ಸಂದಿಯಿಂದ ಇಣುಕಿದ ಮೌನಿಕಾ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಮುಂದಿನ ಸಾಲಿನಲ್ಲೇ ಅವಳಜ್ಜಿ ಕಾಟಮ್ಮ ಕೋಲು ಹಿಡಿದು ಕುಳಿತಿದ್ದಳು. ಸಂತೆಗೆ ಬಂದವಳಿಗೆ ಯಾರೋ ಮೊಮ್ಮಗಳ ನಾಟಕದ ಸುದ್ದಿ ಮುಟ್ಟಿಸಿದ್ದರು.

“ನಿಲ್ಲಿಸಿಬಿಡೋಣವೇನೆ?” ಎಂದೆ. ಅವಳು ಬೇಡವೆಂದು ತಲೆಯಾಡಿಸಿ ರಂಗಕ್ಕೆ ಹೋದಳು.

ಬೀಗ ಹಾಕಿದ ಬಾಗಿಲು ಬಡಿದು ಹುಡುಗಿ ಅಳುವ ದೃಶ್ಯ. ಕಾಟಮ್ಮ ದಡಕ್ಕನೆ ಎದ್ದಳು.

“ನಿಲ್ಸ್ರಿ! ಇದು ಸುಳ್ಳು!”

ಹುಡುಗಿಯ ಓದು ನನ್ನಿಂದಲೇ ಹಾಳಾಯಿತು ಅಂದುಕೊಂಡೆ.

“ಅಲ್ಲಿ ಬಾಗ್ಲು ಎಲ್ಲೈತೆ? ಬಾಗ್ಲು ಇದ್ದಿದ್ರೆ ನಾವ್ಯಾಕೆ ಹೆದರ್ಕಂಡು ಸಾಯ್ತಿದ್ವಿ? ನಾಯಿ ಬಂದ್ರೂ ಸೀದಾ ಒಳಗೆ, ಕುಡುಕ ಬಂದ್ರೂ ಸೀದಾ ಒಳಗೆ. ಮೊದ್ಲು ಅದನ್ನ ತೆಗಿಸ್ರಿ.”

ಪ್ರದೀಪ್ ಬಾಗಿಲು ಕಿತ್ತ. ಕಾಟಮ್ಮ ರಂಗ ಹತ್ತಿ ಬಂದು, ಆ ಖಾಲಿ ಜಾಗದ ಮುಂದೆ ಕೋಲು ಅಡ್ಡ ಇಟ್ಟುಕೊಂಡು ಕುಳಿತಳು.

“ಇವಳವ್ವ ಒಳಗಿದ್ದಾಗ ಮೂರು ರಾತ್ರೀನೂ ಹಿಂಗೇ ಕುಂತಿರ್ತಿದ್ದೆ. ಕಳಿಸ್ದೋಳೂ ನಾನೇ, ಕಾದೋಳೂ ನಾನೇ.”

ನನಗಂತೂ ಆ ಬೀಗದ ಮುಖ ನೋಡಲು ನಾಚಿಕೆಯಾಯಿತು. ಮೌನಿಕಾ ಹೊರಬಂದು ಅಜ್ಜಿಯ ಪಕ್ಕ ಕುಳಿತಳು. ಈಗ ಅವಳು ಅಳುತ್ತಿದ್ದುದು ನಾಟಕವಾಗಿರಲಿಲ್ಲ.

“ಕಾಲೇಜು ಬಿಡಿಸ್ತೀಯೇನಜ್ಜಿ?”

“ಯಾಕೆ ಬಿಡಿಸ್ಲಿ? ನಾನು ಬಾಯಿ ಬಿಡದೇ ಇದ್ದದ್ದನ್ನ ನೀನು ಇಷ್ಟು ಜನರ ಮುಂದೆ ಆಡಿ ತೋರಿಸ್ತಿದ್ದೀಯ,” ಎಂದು ಕಾಟಮ್ಮ ಸೆರಗಿನಿಂದ ಅವಳ ಮೂಗು ಒರೆಸಿದಳು. “ಇನ್ಮ್ಯಾಲೆ ಆ ಮೂರು ದಿನಾನೂ ನೀನು ಮನೆಯಾಗೇ ಮಲಗು. ಬಾಗ್ಲು ಹಾಕ್ಕಂಡು ಮಲಗು. ಹಟ್ಟಿಯೋರು ಕೇಳಾಕೆ ಬಂದ್ರೆ ಬರ್ಲಿ, ಹೊರಗೆ ನಾನು ಕುಂತಿರ್ತೀನಿ.”