ಅಕ್ಕ ಕದ್ದ ಹೆಜ್ಜೆ

ವೆರೊನಿಕ್ ನನ್ನ ಒಡಹುಟ್ಟಿದ ಅಕ್ಕ. ಅವಳಿಗೆ ಫ್ರೆಂಚ್ ಅಪ್ಪನ ಬಿಳಿ ತೊಗಲು ಬಂತು, ನನಗೆ ಕ್ರೀ ಬುಡಕಟ್ಟಿನ ಅವ್ವನ ಕಂದು ಬಣ್ಣ. ಅಷ್ಟಕ್ಕೇ ಸಸ್ಕ್ಯಾಚೆವಾನ್ ನದಿದಂಡೆಯ ಈ ಹೊಸ ಊರಲ್ಲಿ ಅವಳು ದೊರೆಸಾನಿ, ನಾನು ಪಾತ್ರೆ ತೊಳೆಯೋಳು. ಹೊಟ್ಟೆ ಉರಿಯದೆ ಇನ್ನೇನಾದೀತು?

ದೂರದ ಕ್ರೈಸ್ತ ಸನ್ಯಾಸಿನಿಯರ ಶಾಲೆಯಿಂದ ಬಂದವಳು ತಾನು ಮಾಂಟ್ರಿಯಲ್‌ನ ಅನಾಥೆ ಅಂದಳು. ಅಂಗಡಿ ಹಾರ್ಗ್ರೇವ್ ಮನೆಯವರು ನಂಬಿ, ಮಗ ಆಲ್ಬರ್ಟ್‌ಗೆ ತಂದುಕೊಳ್ಳೋಕೆ ಒಪ್ಪಿದರು. ನಿಜ ತಿಳಿದರೆ ಮದುವೆ ಮುರಿದ ಹಾಗೇ. ಅದೇ ಮನೆಯ ಅಡುಗೆಮನೆಯಲ್ಲಿ ನನಗೆ ಚಾಕರಿ.

ನಿನ್ನೆ ಮಧ್ಯಾಹ್ನ ನಿಶ್ಚಿತಾರ್ಥದ ಊಟ. ಹಾರ್ಗ್ರೇವಮ್ಮ ನನಗೆ, "ಏಯ್ ಬೆರಕೆ, ಬಾಗಿಲು ದಾಟಿ ಬಂದೀಯ, ಜೋಕೆ! ನೆಂಟರ ಕಣ್ಣಿಗೆ ಬೀಳಬೇಡ" ಅಂದಳು. ಪಕ್ಕದಲ್ಲೇ ಇದ್ದ ಅಕ್ಕ ಪರದೆ ಸರಿಮಾಡುತ್ತಾ ನಿಂತಳು. ಅವಳ ನೀಲಿ ರೇಷ್ಮೆ ಗೌನು ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು.

ಪಿಟೀಲು ನುಡಿಸೋಕೆ ಬಂದಿದ್ದವನು ನಮ್ಮ ಸೋದರಮಾವ ನಾರ್ಬೆರ್. ಅಕ್ಕನ ಗುಟ್ಟು ಅವನೂ ಬಿಟ್ಟುಕೊಟ್ಟಿರಲಿಲ್ಲ. ನೀರು ಕುಡಿಯೋಕೆ ಅಡುಗೆಮನೆಗೆ ಬಂದಾಗ ಅವನನ್ನ ಹಿಡಿದೆ.

"ಮಾವ, ನಮ್ಮ ಕುಣಿತದ ಮಟ್ಟು ನುಡಿಸು."

"ಬೇಡ ಕಣೇ ಫಿಲೊಮಿನ್. ಅದು ಕೇಳಿದ್ರೆ ಅವಳ ಕಾಲು ಸುಮ್ನಿರಲ್ಲ."

"ಅದಕ್ಕೇ ಹೇಳ್ತಿರೋದು!"

ಹೌದು, ನಾನೇ ಹೇಳಿದ್ದು. ಏನೀಗ?

ಮಟ್ಟು ಶುರುವಾಯಿತು. ಅಕ್ಕ ಕುರ್ಚಿ ಗಟ್ಟಿಯಾಗಿ ಹಿಡಿದಳು, ಆದರೂ ಗೌನಿನ ಅಂಚು ತಾಳಕ್ಕೆ ಅಲುಗುತ್ತಿತ್ತು. ಹಾರ್ಗ್ರೇವಮ್ಮನ ಕಣ್ಣು ಅಲ್ಲೇ ನೆಟ್ಟಿತು. ಅಕ್ಕ ನನ್ನ ಕಡೆ ನೋಡಿದಳು, ಚಿಕ್ಕಂದಿನಲ್ಲಿ ಅವ್ವ ಬಾರುಕೋಲು ತಗೊಂಡಾಗ ನೋಡುತ್ತಿದ್ದ ಹಾಗೆ. ಥೂ, ಈ ಹಾಳು ಕರುಳು ಕೇಳಬೇಕಲ್ಲ! ತಟ್ಟೆ ಕೆಳಗೆ ಹಾಕಿ, ಬಾಗಿಲು ದಾಟಿ ನಾನೇ ಕುಣಿಯತೊಡಗಿದೆ. ಎಲ್ಲರೂ ನನ್ನ ಕಡೆ ತಿರುಗಿದರು.

"ಬೆರಕೆಗೆ ಹುಚ್ಚು ಹಿಡೀತು!" ಅಂತ ನೆಂಟರು ನಕ್ಕರು. ಹಾರ್ಗ್ರೇವಮ್ಮ ನನ್ನ ಜಡೆ ಹಿಡಿದು ಎಳೆದಳು.

ಆಗ ಅಕ್ಕ ಗೌನು ಎತ್ತಿ ಹಿಡಿದು ಕುಣಿಯೋಕೆ ಬಂದೇಬಿಟ್ಟಳು. ನಮ್ಮವರಲ್ಲಿ ಒಬ್ಬೊಬ್ಬರಿಗೂ ಅವರದೇ ಹೆಜ್ಜೆ, ಇನ್ನೊಬ್ಬರದು ಹಾಕೋ ಹಾಗಿಲ್ಲ. ಅವಳು ಹಾಕಿದ್ದು ನನ್ನ ಹೆಜ್ಜೆ!

"ಈ ಕಾಡು ಕುಣಿತ ಎಲ್ಲಿ ಕಲಿತೆ?" ಹಾರ್ಗ್ರೇವಮ್ಮ ಕಿರುಚಿದಳು.

"ನನ್ನ ತಂಗಿ ಹತ್ರ. ನೀವು ಜಡೆ ಹಿಡಿದಿದ್ದೀರಲ್ಲ, ಅವಳ ಹತ್ರ."

ಆಲ್ಬರ್ಟ್ ತಲೆಯೆತ್ತಲೇ ಇಲ್ಲ. ಮದುವೆ ಮುರಿಯಿತು.

ಮಾವನ ಗಾಡಿಯಲ್ಲಿ ಅಕ್ಕ ಬಿಕ್ಕಿ ಬಿಕ್ಕಿ ಅತ್ತಳು, ನಾನೂ ಅತ್ತೆ. ಮಾವ ತಿರುಗಿ, "ಬೇಜಾರಾಗಬೇಡ ಫಿಲೊಮಿನ್, ನಿನ್ನ ಹೆಜ್ಜೆ ನಿನಗಿಂತ ಅವಳಿಗೇ ಚೆನ್ನಾಗಿ ಒಪ್ಪುತ್ತೆ" ಅಂದ.

ನೋಡಿ, ಮತ್ತೆ ಹೊಟ್ಟೆಗೆ ಬೆಂಕಿ ಬಿತ್ತು. ಅವಳ ಮೂಗು ನನ್ನ ಅಂಗಿ ಅಂಚಿನಲ್ಲೇ ಒರೆಸುತ್ತಾ ಬೈದೆ: "ಕಳ್ಳಿ, ನನ್ನ ಹೆಜ್ಜೆ ವಾಪಸ್ ಕೊಡೇ."