ಪಕ್ಕದ ಸೀಟು

"ಪಕ್ಕದ ಸೀಟಲ್ಲಿ ಯಾರು ಕೂರ್ತಾರೆ ಸಾರ್?"

ಪ್ರಶ್ನೆ ಸರಳವೇ. ಆದರೆ ಕೇಳಿದ ಗೋಪಿ ಅಮರನಾಥನ ಮುಖ ಬಿಟ್ಟು ಅವನ ಹೆಂಡತಿ ಪದ್ಮಶ್ರೀಯ ಮುಖ ನೋಡಿದ್ದು ಅಮರನಾಥನಿಗೆ ಹಿಡಿಸಲಿಲ್ಲ. ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವವನು. ಯಾರು ಯಾರನ್ನು ನೋಡಿ ಮಾತಾಡುತ್ತಾರೆಂಬುದು ಅವನ ಕಣ್ಣಿಗೆ ತಪ್ಪುತ್ತಿರಲಿಲ್ಲ.

ಕೋಲಾರದ ಬಸ್ ಸ್ಟ್ಯಾಂಡಿನ ಎದುರು, ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು ಗೋಪಿ ಬಂದವರಿಗೆ ವಿಮೆ ಮಾಡಿಸಿಕೊಡುತ್ತಿದ್ದ. ಅಮರನಾಥನ ಕಾರಿನ ಪಾಲಿಸಿ ಹಿಂದಿನ ರಾತ್ರಿಗೇ ಮುಗಿದಿತ್ತು. ಹೊಸದು ಮಾಡಿಸಿಕೊಂಡು ಶ್ರೀನಿವಾಸಪುರಕ್ಕೆ, ಅತ್ತೆಯ ಮನೆಗೆ ಹೋಗಬೇಕು. ಅಲ್ಲಿ ಮಾವು ಇಳಿಸುತ್ತಿದ್ದರು.

"ಕಾನೂನು ಎಷ್ಟು ಕೇಳುತ್ತೋ ಅಷ್ಟು ಮಾಡಿ," ಎಂದ ಅಮರನಾಥ.

ಗೋಪಿ ಬಿಡಿಸಿ ಹೇಳಿದ. ಕಾನೂನು ಕೇಳುವುದು ಥರ್ಡ್ ಪಾರ್ಟಿ. ಕಾರು ಯಾರಿಗಾದರೂ ಗುದ್ದಿದರೆ ಅವರಿಗೆ ಪರಿಹಾರ. ಓಡಿಸುವ ಮಾಲೀಕರಿಗೆ ಬೇರೆ ಅಪಘಾತ ವಿಮೆ, ಅದೂ ಕಡ್ಡಾಯ. ಕಾರೇ ಜಖಂ ಆದರೆ, ಕಳುವಾದರೆ ಏನೂ ಬರುವುದಿಲ್ಲ. ಅದಕ್ಕೆ ಫುಲ್ ಇನ್ಶೂರೆನ್ಸ್ ಬೇಕು.

"ರಸ್ತೇಲಿ ಹೋಗೋ ಗುರುತಿಲ್ದೋನಿಗೂ ಸಿಗುತ್ತೆ ಸಾರ್. ಪಕ್ಕದಲ್ಲಿ ಕೂತೋರಿಗೆ ಇದ್ರಲ್ಲಿ ಸಿಗಲ್ಲ, ಅದನ್ನ ಸೇರಿಸ್ಕೋಬೇಕು. ಮೇಡಂ ವಾರವಾರ ಊರಿಗೆ ಓಡಾಡ್ತಾರಲ್ಲ."

ಪದ್ಮಶ್ರೀ ವಾರವಾರ ತವರಿಗೆ ಹೋಗುವುದು ಬಸ್ಸಿನಲ್ಲಿ. ಇವನಿಗೆ ಹೇಗೆ ಗೊತ್ತು? ಕಿಟಕಿಯಿಂದ ಬಸ್ ಸ್ಟ್ಯಾಂಡ್ ಕಾಣುತ್ತದೆ, ನೋಡಿರಬಹುದು. ನೋಡಿದ್ದು ಅಷ್ಟೇನಾ?

"ಅದೊಂದು ಸೇರಿಸ್ಬಿಡಿ ರೀ," ಎಂದಳು ಪದ್ಮಶ್ರೀ. "ಕೂರೋದು ನಾನೇ ತಾನೆ."

ಇಬ್ಬರೂ ಮೊದಲೇ ಆಡಿಕೊಂಡ ಮಾತಿನ ಹಾಗಿತ್ತು.

"ಬೇಡ. ನಾನು ನಿಧಾನಕ್ಕೇ ಓಡಿಸೋದು."

ನಾಮಿನಿ ಮೇಡಂ ತಾನೇ ಎಂದು ಗೋಪಿ ಕೇಳಿದಾಗ ಅಮರನಾಥ ಹೂಂ ಅಂದ. ಆಮೇಲೆ ಮೆಟ್ಟಿಲಿಳಿಯುತ್ತ ಯೋಚಿಸಿದ: ತಾನು ಸತ್ತರೆ ಅವಳಿಗೆ ಸಿಗುತ್ತದೆ. ಅದು ಅವಳಿಗೂ ಈಗ ಗೊತ್ತು. ಮೊದಲೇ ಗೊತ್ತಿತ್ತೋ ಏನೋ.

ಪದ್ಮಶ್ರೀ ಕಾರಿನ ಹಿಂದಿನ ಸೀಟಿನಲ್ಲಿ ಕೂತಳು.

"ಯಾಕೆ?"

"ಮುಂದೆ ಬಿಸಿಲು."

ಬಿಸಿಲು ಹಿಂದೆಯೂ ಇತ್ತು. ದಾರಿಯುದ್ದಕ್ಕೂ ಅವನು ಕನ್ನಡಿಯಲ್ಲಿ ಅವಳನ್ನು ನೋಡುತ್ತ ಓಡಿಸಿದ. ಅವಳು ಹೊರಗೆ ನೋಡುತ್ತಿದ್ದಳು. ಫೋನು ತೊಡೆಯ ಮೇಲೆ ಬೋರಲಾಗಿತ್ತು.

ಊಟವಾಯಿತು. ಮಗಳನ್ನು ಬರಿಗೈಲಿ ಕಳಿಸುವ ಪದ್ಧತಿ ಆ ಮನೆಯಲ್ಲಿಲ್ಲ. ಅತ್ತೆ ಅಶ್ವತ್ಥಮ್ಮ ಮಡಿಲು ತುಂಬಿಸಿ, ಒಂದು ಕ್ರೇಟ್ ಹಣ್ಣು ತರಿಸಿ, ಡಿಕ್ಕಿಯಲ್ಲಿಟ್ಟರೆ ಕಾವಿಗೆ ಬೆಂದುಹೋಗುತ್ತವೆ ಎಂದು ಮುಂದಿನ ಸೀಟಿನ ಮೇಲೆಯೇ ಇಡಿಸಿದರು. ಪದ್ಮಶ್ರೀ ಕಾರು ಹತ್ತಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು ಗೇಟಿನ ಬಳಿ ನಿಂತಿದ್ದಳು.

"ನಾನು ಬಸ್ಸಲ್ಲಿ ಬರ್ತೀನಿ. ಬಸ್ಸಲ್ಲಾದ್ರೆ ಟಿಕೆಟ್ಟಲ್ಲೇ ಅಪಘಾತದ ಪರಿಹಾರಕ್ಕೂ ಅಂತ ದುಡ್ಡು ಹಿಡ್ಕೊಂಡಿರ್ತಾರಂತೆ. ಗೋಪಿ ಹೇಳಿದ್ರು."

ಗೋಪಿ ತನ್ನೆದುರು ಹಾಗೆ ಹೇಳಿರಲಿಲ್ಲ. ಯಾವಾಗ ಹೇಳಿದ ಎಂದು ಕೇಳಬೇಕಿತ್ತು. ಬದಲಿಗೆ, "ನಿನ್ನಿಷ್ಟ," ಎಂದ.

ಅಶ್ವತ್ಥಮ್ಮನಿಗೆ ನಗು ಬಂತು. "ಹುಡುಗಿ ಬಸ್ಸಲ್ಲಿ, ಹಣ್ಣು ಕಾರಲ್ಲಿ. ಚೆನ್ನಾಗೈತೆ ಅಳಿಯಂದ್ರೆ ನಿಮ್ಮ ಸಂಸಾರ."

ಊರು ದಾಟುತ್ತಲೇ ಕಾರು ಟಿಂಗ್ ಟಿಂಗ್ ಎನ್ನತೊಡಗಿತು. ಪಕ್ಕದಲ್ಲಿ ಯಾರೋ ಬೆಲ್ಟ್ ಹಾಕದೆ ಕೂತಿದ್ದಾರೆಂದು ಅದರ ಲೆಕ್ಕ. ಅವನು ಬದಿಗೆ ನಿಲ್ಲಿಸಿ, ಕ್ರೇಟಿನ ಸುತ್ತ ಬೆಲ್ಟ್ ಎಳೆದು ಸಿಕ್ಕಿಸಿದ. ಸದ್ದು ನಿಂತಿತು.

ಅಷ್ಟರಲ್ಲಿ ಕೋಲಾರದ ಬಸ್ಸು ಅವನನ್ನು ದಾಟಿ ಹೋಯಿತು. ಅವನು ಅದರ ಹಿಂದೆ ಬಿದ್ದ. ಹಿಂದಿನ ಗಾಜಿನ ತುಂಬ ಧೂಳು, ಒಳಗೆ ತಲೆಗಳು. ಒಂದು ಅವಳದು. ಥಟ್ಟನೆ ಹೊಳೆಯಿತು: ಗೋಪಿಯ ಲೆಕ್ಕದಲ್ಲಿ ಅವಳು ಈಗ ರಸ್ತೆಯಲ್ಲಿ ಹೋಗುವವಳು, ಥರ್ಡ್ ಪಾರ್ಟಿ. ಬೆಳಿಗ್ಗೆ ಕೊಂಡ ಪಾಲಿಸಿ ಈಗ ಅವಳಿಗೂ ಸಲ್ಲುತ್ತದೆ, ತಾನು ಗುದ್ದಿದರೆ.

ಬಸ್ಸಿನ ಹಿಂಬದಿ ಹತ್ತಿರವಾಗುತ್ತಿತ್ತು. ಪಕ್ಕದಲ್ಲಿ ಬಿಗಿದು ಕೂತ ಹಣ್ಣು ಬಿಸಿಲಿಗೆ ಮೆಲ್ಲಗೆ ವಾಸನೆ ಬಿಡುತ್ತಿತ್ತು.