ದೊಡ್ಡ ನರ್ಸಮ್ಮನ ಮಾತು

ಸುವರ್ಣಮ್ಮ ಸಿರುಗುಪ್ಪಕ್ಕೆ ವರ್ಗವಾಗಿ ಬಂದದ್ದು ೧೯೬೯ರಲ್ಲಿ. ಸುತ್ತಲಿನ ಹಳ್ಳಿಗಳಲ್ಲಿ ಹೆರಿಗೆ ಮಾಡಿಸುವ, ಕೂಸುಗಳಿಗೆ ಸೂಜಿಮದ್ದು ಹಾಕುವ ಎಂಟು ಜನ ನರ್ಸುಗಳ ಮೇಲ್ವಿಚಾರಣೆ ಅವಳದು. ಊರವರ ಬಾಯಲ್ಲಿ ಅವಳು ದೊಡ್ಡ ನರ್ಸಮ್ಮ, ನರ್ಸುಗಳ ಬಾಯಲ್ಲಿ ಅಕ್ಕಾರು.

ಅವಳಿಗಿಂತ ಮೊದಲಿದ್ದಾಕೆ ಬೈಗುಳದಲ್ಲೇ ಕೆಲಸ ತೆಗೆಯುವ ಹೆಂಗಸು. ಸುವರ್ಣಮ್ಮ ಒಂದು ದಿನವೂ ದನಿ ಎತ್ತಲಿಲ್ಲ. ತಿಂಗಳ ಮೀಟಿಂಗಿನಲ್ಲಿ ಕುರ್ಚಿ ಬಿಟ್ಟು ಚಾಪೆಯ ಮೇಲೆ ಕೂತಳು. ನರ್ಸುಗಳ ಬುತ್ತಿ ಬಿಚ್ಚಿಸಿ, ಒಬ್ಬಳ ರೊಟ್ಟಿ ಮುರಿದು ಇನ್ನೊಬ್ಬಳ ಪುಂಡಿಪಲ್ಯ ಹಚ್ಚಿಕೊಂಡು ತಿಂದಳು. ಯಾರ ಮಗನಿಗೆ ಹಾಲುಹಲ್ಲು ಬಿತ್ತು, ಯಾರ ಅತ್ತೆಗೆ ಕಣ್ಣಿಗೆ ಪೊರೆ ಬಂತು, ಎಲ್ಲ ಅವಳ ಬಾಯಲ್ಲೇ ಇರುತ್ತಿತ್ತು. ಅವಳು ಮಾತು ಶುರು ಮಾಡಿದರೆ ಹೊರಗೆ ಚೀಟಿ ಬರೆಸಲು ನಿಂತ ರೋಗಿಗಳೂ ಬಾಗಿಲಿಗೆ ಬಂದು ಕಿವಿಗೊಡುತ್ತಿದ್ದರು. ‘ನೀನು ಮಾಡು’ ಎಂದು ಅವಳು ಯಾರಿಗೂ ಅನ್ನುತ್ತಿರಲಿಲ್ಲ, ‘ನಾವು ಮಾಡೋಣು’ ಅನ್ನುತ್ತಿದ್ದಳು. ಮಳೆಗಾಲದಲ್ಲಿ ಎರೆಮಣ್ಣು ಮೊಣಕಾಲಿನವರೆಗೆ ಮೆತ್ತಿಕೊಂಡರೂ ಆ ಎಂಟು ಜನ ಹಳ್ಳಿ ತಪ್ಪಿಸದೆ ತಿರುಗಿದ್ದು ಆ ‘ನಾವು’ ಎಂಬ ಮಾತಿಗಾಗಿ. ಮೂರು ವರ್ಷದಲ್ಲಿ ಅವರ ತಾಲ್ಲೂಕಿನ ಹೆಸರು ಬಳ್ಳಾರಿಯ ಕಚೇರಿಯಲ್ಲಿ ಮೊದಲಿಗೆ ಬರತೊಡಗಿತು.

ಆ ಎಂಟು ಜನರಲ್ಲಿ ಹಿರಿಯಳು ರಾರಾವಿಯ ನರ್ಸು ಹೊನ್ನೂರಮ್ಮ. ಸುವರ್ಣಮ್ಮನಿಗಿಂತ ಆರು ವರ್ಷಕ್ಕೆ ದೊಡ್ಡವಳು, ಗಂಡ ಸತ್ತವಳು, ಮಾತು ಕಮ್ಮಿ. ಅಡ್ಡ ತಿರುಗಿದ ಕೂಸನ್ನು ಹೊಟ್ಟೆಯ ಮೇಲಿಂದಲೇ ನೀವಿ ಸರಿಪಡಿಸುವ ಕೈಗುಣ ಅವಳದು. ಅಂಥವಳು ತನ್ನನ್ನು ‘ಅಕ್ಕಾರ’ ಎಂದು ಕರೆಯುವಾಗ ಸುವರ್ಣಮ್ಮನಿಗೆ ಒಳಗೊಳಗೇ ಹೆಮ್ಮೆ.

೧೯೭೬ರಲ್ಲಿ, ಎಮರ್ಜೆನ್ಸಿಯ ಕಾಲದಲ್ಲಿ, ಮೇಲಿಂದ ಆರ್ಡರು ಬಂತು. ಮಕ್ಕಳಾಗದಂತೆ ಮಾಡುವ ಆಪರೇಷನ್ನಿಗೆ ಒಬ್ಬೊಬ್ಬ ನರ್ಸೂ ಇಷ್ಟು ಜನರನ್ನು ಕರೆತರಲೇಬೇಕು. ಸಿರುಗುಪ್ಪದ ಆಸ್ಪತ್ರೆಯ ಡಾಕ್ಟರು ತಿಂಗಳ ಮೀಟಿಂಗಿನಲ್ಲಿ ಆ ಕಾಗದ ಓದಿ, “ತರದಿದ್ರೆ ಸಂಬಳ ಇಲ್ಲ, ಅಷ್ಟೆ” ಎಂದು ಎದ್ದು ಹೋದರು. ನರ್ಸುಗಳ ಮುಖ ಕಪ್ಪಿಟ್ಟಿತು. ಹೊನ್ನೂರಮ್ಮ ಮೊಟ್ಟಮೊದಲ ಸಲ ಎಲ್ಲರೆದುರು ಬಾಯಿಬಿಟ್ಟು, “ಇದು ಆಗಂಗಿಲ್ಲ” ಎಂದಳು.

ಸುವರ್ಣಮ್ಮ ಬೆದರಿಸಲಿಲ್ಲ. ಎಲ್ಲರಿಗೂ ಚಹಾ ತರಿಸಿದಳು. ಆಮೇಲೆ ಮೆಲ್ಲಗೆ, “ಬಳ್ಳಾರ್ಯಾಗ ದೊಡ್ಡ ಸಾಹೇಬ್ರು ಕೇಳಿದ್ರು, ನಿಮ್ಮ ತಾಲ್ಲೂಕಿನ ಗತಿ ಏನಮ್ಮ ಅಂತ. ನನ್ನ ಹುಡುಗೇರು ಅದಾರ್ರಿ, ನನಗೇನು ಚಿಂತಿ ಅಂದು ಬಂದೀನಿ. ನಿಮ್ಮನ್ನ ಒಂದು ಮಾತು ಕೇಳಲಿಲ್ಲ. ಕೇಳಬೇಕು ಅಂತ ಅನ್ನಿಸಲೇ ಇಲ್ಲ ನನಗ” ಎಂದಳು.

ಒಬ್ಬೊಬ್ಬರೇ ಕಣ್ಣೊರೆಸಿಕೊಂಡು ಒಪ್ಪಿದರು. ಹೊನ್ನೂರಮ್ಮ ಮಾತ್ರ ಕೊನೆಯವರೆಗೆ ಉಳಿದಳು. ಏನೋ ಹೇಳುವುದಿತ್ತು. ಸುವರ್ಣಮ್ಮ ಅವಳ ಹೆಗಲ ಮೇಲೆ ಕೈಯಿಟ್ಟು, “ನೀನಿದ್ದೀಯಲ್ಲ ಹೊನ್ನೂರಮ್ಮ, ನಾ ಯಾಕ ಅಂಜಲಿ?” ಎಂದಳು. ಹೊನ್ನೂರಮ್ಮ ಬಾಯಿಗೆ ಬಂದದ್ದನ್ನು ನುಂಗಿಕೊಂಡು ಬಸ್ಸಿಗೆ ಹೋದಳು.

ಡಿಸೆಂಬರಿನಲ್ಲಿ ಕ್ಯಾಂಪು. ಊರ ಹೊರಗಿನ ಒಂದು ಹತ್ತಿ ಗೋದಾಮು ಖಾಲಿ ಮಾಡಿಸಿ, ಸುಣ್ಣ ಬಳಿಸಿ, ಮೇಜು ಹಾಕಿದ್ದರು. ಒಳಗೆ ಡಾಕ್ಟರುಗಳು, ಬಾಗಿಲಲ್ಲಿ ಸುವರ್ಣಮ್ಮ. ಬಂದ ಹೆಂಗಸರ ಹೆಸರು ಬರೆದು, ಜ್ವರ ನೋಡಿ ಒಳಗೆ ಬಿಡುವುದು ಅವಳ ಪಾಲಿನ ಕೆಲಸ.

ಹೊನ್ನೂರಮ್ಮನ ಲೆಕ್ಕಕ್ಕೆ ಒಬ್ಬಳು ಕಡಿಮೆ ಬಿದ್ದಿದ್ದಳು. ಮಧ್ಯಾಹ್ನ ಅವಳು ಗಾದೆಮ್ಮ ಎಂಬುವಳನ್ನು ಕರೆದುಕೊಂಡು ಬಂದಳು. ಮೂರನೆಯ ಹೆರಿಗೆಯಾಗಿ ಇನ್ನೂ ತಿಂಗಳು ತುಂಬಿಲ್ಲ. ಸುವರ್ಣಮ್ಮ ಅವಳ ಕೊರಳಿಗೆ ಹಿಂಗೈ ತಾಗಿಸಿದಳು. ಸುಡುತ್ತಿತ್ತು. ತಲೆಯೆತ್ತಿ ಹೊನ್ನೂರಮ್ಮನನ್ನು ನೋಡಿದಳು. ಹೊನ್ನೂರಮ್ಮ ಬೇರೆ ಕಡೆ ನೋಡಲಿಲ್ಲ, ಇವಳ ಮುಖವನ್ನೇ ನೋಡುತ್ತಿದ್ದಳು. ಬೇಡ ಅನ್ನು ಎಂದು ಕೇಳುವ ಕಣ್ಣು ಅದು. ಆದರೆ ಸುವರ್ಣಮ್ಮನಿಗೆ ಅದು ಅರ್ಥವಾದದ್ದು ಬಹಳ ದಿನಗಳ ಮೇಲೆ.

“ಬಿಸಲಾಗ ನಡದು ಬಂದೀಯಲ್ಲವ್ವ, ಮೈ ಕಾದೈತಿ” ಎಂದಳು ಸುವರ್ಣಮ್ಮ. ಡಿಸೆಂಬರಿನ ಬಿಸಿಲು!

ಗಾದೆಮ್ಮ ಸೆರಗು ಬಿಗಿಹಿಡಿದು ನಿಂತಳು. “ಅಂಜಿಕಿ ಬರ್ತೈತ್ರಿ.”

“ನಾನು ಬಾಗಲದಾಗೇ ಇರ್ತೀನಿ. ನನ್ನ ಮಾರಿ ನೋಡು. ನಾನು ಸುಳ್ಳು ಹೇಳೋ ಹಂಗ ಕಾಣ್ತೀನಾ?”

ಗಾದೆಮ್ಮ ಅವಳ ಮುಖ ನೋಡಿದಳು, ಅರೆಮನಸ್ಸಿನಿಂದ ನಕ್ಕಳು, ಒಳಗೆ ಹೋದಳು. ಥರ್ಮಾಮೀಟರು ಗ್ಲಾಸಿನಲ್ಲೇ ಇತ್ತು. ಜ್ವರದ ಕಾಲಮ್ಮಿನಲ್ಲಿ ಸುವರ್ಣಮ್ಮ ‘ಇಲ್ಲ’ ಎಂದು ಬರೆದಳು.

ಐದನೆಯ ದಿನ ಗಾದೆಮ್ಮನ ಹೊಲಿಗೆ ಕೀವಾಯಿತು. ಅವಳ ಗಂಡ ಉಚ್ಚಂಗೆಪ್ಪ ಬಾಡಿಗೆ ಜೀಪಿನಲ್ಲಿ ಬಳ್ಳಾರಿಗೆ ಒಯ್ದ. ಎಂಟನೆಯ ದಿನ ಅವಳು ತೀರಿಕೊಂಡಳು. ರಾರಾವಿಯ ಜನ ಹೊನ್ನೂರಮ್ಮನ ಮನೆಗೆ ಕಲ್ಲು ತೂರಿದರು. ಇಲಾಖೆ ಅವಳನ್ನು ಸಸ್ಪೆಂಡ್ ಮಾಡಿತು. ಜ್ವರದ ಸಂಗತಿ ಮುಚ್ಚಿಟ್ಟವಳು ನಾನೇ, ಜ್ವರ ತೋರದಂತೆ ಗುಳಿಗೆ ಕೊಟ್ಟು ಕರೆತಂದೆ, ದೊಡ್ಡ ನರ್ಸಮ್ಮನಿಗೆ ಗೊತ್ತಿರಲಿಲ್ಲ ಎಂದು ಅವಳು ಬರೆದುಕೊಟ್ಟಳು.

ವಿಚಾರಣೆಗೆ ಸುವರ್ಣಮ್ಮನನ್ನು ಬಳ್ಳಾರಿಗೆ ಕರೆಸಿದರು. ಅವಳು ಎಲ್ಲ ಹೇಳಿಬಿಡುವ ನಿರ್ಧಾರ ಮಾಡಿಕೊಂಡೇ ಹೋಗಿದ್ದಳು. ಬೆಂಗಳೂರಿನಿಂದ ಬಂದಿದ್ದ ಹಿರಿಯ ಅಧಿಕಾರಿಯ ಮುಂದೆ ಕೂತು, “ತಪ್ಪು ನನ್ನದ್ರಿ. ಹೊನ್ನೂರಮ್ಮಂದಲ್ಲ” ಎಂದು ಶುರು ಮಾಡಿದಳು. ಮಾತು ತನ್ನಷ್ಟಕ್ಕೇ ಹರಿಯಿತು. ಎರೆಹೊಲದ ದಾರಿಗಳು, ಹರಿದ ಚಪ್ಪಲಿಗಳು, ಮಕ್ಕಳನ್ನು ನೆರೆಮನೆಯಲ್ಲಿ ಬಿಟ್ಟು ಹೊರಡುವ ನರ್ಸುಗಳು. ಎಲ್ಲಿ ತಡೆಯಬೇಕೋ ಅಲ್ಲಿ ದನಿ ತಡೆಯಿತು. ಎಲ್ಲಿ ಇಳಿಯಬೇಕೋ ಅಲ್ಲಿ ಇಳಿಯಿತು. ಥರ್ಮಾಮೀಟರಿನ ಮಾತನ್ನು ಅವಳು ಕೊನೆಗೆ ಇಟ್ಟುಕೊಂಡಿದ್ದಳು.

ಅಷ್ಟರಲ್ಲಿ ಅಧಿಕಾರಿ ಕನ್ನಡಕ ತೆಗೆದು ಒರೆಸಿದರು. “ಕೈಕೆಳಗಿನವರ ತಪ್ಪನ್ನ ಹೀಗೆ ತಮ್ಮ ತಲೆ ಮೇಲೆ ಹಾಕಿಕೊಳ್ಳೋರನ್ನ ನನ್ನ ಸರ್ವಿಸಿನಲ್ಲಿ ನೋಡಿರಲಿಲ್ಲ ಅಮ್ಮ. ನಿಮ್ಮಂಥವರು ಇಲಾಖೆಗೆ ಬೇಕು.”

ಒಂದು ಗಳಿಗೆ, ಒಂದೇ ಒಂದು ಗಳಿಗೆ, ಸುವರ್ಣಮ್ಮನ ಎದೆ ತಂಪಾಯಿತು. ಥರ್ಮಾಮೀಟರಿನ ಮಾತು ಒಳಗೇ ಉಳಿಯಿತು. ಅವರು ತೋರಿಸಿದ ಕಡೆ ಸಹಿ ಹಾಕಿ ಹೊರಬಂದಳು. ಕಚೇರಿಯ ಮೆಟ್ಟಿಲ ಮೇಲೆಯೇ ಕೂತಳು. ತಪ್ಪೊಪ್ಪಿಕೊಳ್ಳಲು ಹೋಗಿ ಅಲ್ಲಿಯೂ ಗೆದ್ದು ಬಂದಿದ್ದಳು.

ಮರುವಾರ ಅವಳು ಹೊನ್ನೂರಮ್ಮನನ್ನು ಹುಡುಕಿಕೊಂಡು ಅವಳ ತವರೂರು ಬಾದನಹಟ್ಟಿಗೆ ಹೋದಳು. ಕುರುಗೋಡಿನಲ್ಲಿ ಬಸ್ಸಿಳಿದು ಒಂದು ಎತ್ತಿನ ಬಂಡಿ ಹತ್ತಿದಳು. ಹೊನ್ನೂರಮ್ಮ ಅಣ್ಣನ ಮನೆಯ ಹಿತ್ತಲಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ಇವಳನ್ನು ಕಂಡು ಎದ್ದು, ಕೈ ತೊಳೆದು, ನೀರು ತಂದುಕೊಟ್ಟಳು.

“ನನ್ನ ಹೆಸರು ಯಾಕ ಹೇಳಲಿಲ್ಲ ಹೊನ್ನೂರಮ್ಮ?”

“ಹೇಳಿದ್ರ ಗಾದೆಮ್ಮ ತಿರುಗಿ ಬರ್ತಿದ್ಲಾ?”

“ಅವತ್ತು ಮೀಟಿಂಗಿನ್ಯಾಗ ಆಗಂಗಿಲ್ಲ ಅಂದಾಕಿ ನೀನು. ಆಮ್ಯಾಲೆ ಯಾಕ ಸುಮ್ಮನಾದಿ? ನಾನೇನು ಬೈದಿದ್ನಾ?”

ಹೊನ್ನೂರಮ್ಮ ಮತ್ತೆ ಕೂತು ಮೆಣಸಿನಕಾಯಿ ಕೈಗೆತ್ತಿಕೊಂಡಳು. “ಬೈದಿದ್ರ ಚಲೋ ಇತ್ತ್ರಿ ಅಕ್ಕಾರ. ಡಾಕ್ಟ್ರು ಬೈದ್ರು, ಅವರಿಗೆ ನಾನು ಆಗಂಗಿಲ್ಲ ಅಂದೆ. ಸಂಬಳ ಹೋದ್ರ ಕೂಲಿ ಮಾಡ್ತೀನಿ ಅನ್ನೋ ಧೈರ್ಯ ಇತ್ತು. ನೀವು ಹೆಗಲ ಮ್ಯಾಲೆ ಕೈ ಇಟ್ರಿ. ಅದಕ್ಕ ಇಲ್ಲ ಅನ್ನೋದು ಹೆಂಗ್ರಿ? ಗಾದೆಮ್ಮಗ ಜ್ವರ ಐತಿ ಅಂತ ಗೊತ್ತಿತ್ತು. ನೀವು ಮುಟ್ಟಿ ನೋಡಿ ವಾಪಸ್ ಕಳಿಸ್ತೀರಿ, ನಾನು ಹೇಳೋದು ತಪ್ಪುತೈತಿ ಅಂದ್ಕೊಂಡಿದ್ದೆ.”

“ಮುಟ್ಟಿದ್ದೆ. ನನಗೂ ಗೊತ್ತಾಗಿತ್ತು.”

“ಹೌದ್ರಿ” ಎಂದಳು ಹೊನ್ನೂರಮ್ಮ. ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. “ಇನ್ನ ನೀವು ಬರಬ್ಯಾಡ್ರಿ. ನೀವು ಮಾತಾಡಿದ್ರ ನನಗ ಮತ್ತ ನಿಮ್ಮ ಮ್ಯಾಲೆ ಪ್ರೀತಿ ಬರ್ತೈತಿ. ಅದು ನನಗ ಬ್ಯಾಡ.”

ಸುವರ್ಣಮ್ಮ ಬಂಡಿಗೂ ಕಾಯದೆ ಕುರುಗೋಡಿನವರೆಗೆ ನಡೆದೇ ಬಂದಳು. ದಾರಿಯುದ್ದಕ್ಕೂ ಏಳು ವರ್ಷದ ತನ್ನ ನಡೆನುಡಿಯನ್ನೆಲ್ಲ ತಿರುವಿಹಾಕಿದಳು. ಚಾಪೆಯ ಮೇಲೆ ಕೂತದ್ದು ಕಪಟವೇ? ಅಲ್ಲ. ಆ ಹೆಂಗಸರ ಮೇಲೆ ಅವಳಿಗಿದ್ದ ಮಮತೆ ನಿಜವೇ ಆಗಿತ್ತು. ಆದರೆ ಅವರು ತನ್ನತ್ತ ನೋಡುವಾಗ ಸಿಗುತ್ತಿದ್ದ ಸುಖವೂ ಅಷ್ಟೇ ನಿಜ. ಆ ಸುಖಕ್ಕಾಗಿ ಅವಳು ಎಂಟು ಜನರ ಕಣ್ಣು, ಕೈ, ವಿವೇಕ ಎಲ್ಲವನ್ನೂ ಪ್ರೀತಿಯಿಂದ ಇಸಿದುಕೊಂಡಿದ್ದಳು. ಬೈಯುವವರಿಗೆ ತಿರುಗಿ ಬೈಯಬಹುದು. ತನ್ನ ಎದುರು ನಿಲ್ಲಲು ಮಾತ್ರ ಅವಳು ಯಾರಿಗೂ ಜಾಗ ಉಳಿಸಿರಲಿಲ್ಲ. ಗಾದೆಮ್ಮನಂತೂ ಮುಖ ನೋಡಿಯೇ ಒಳಗೆ ಹೋದವಳು.

ಥರ್ಮಾಮೀಟರಿನ ಸಂಗತಿಯನ್ನು ಅವಳು ನಾಲ್ಕು ಒಣ ಸಾಲುಗಳಲ್ಲಿ ಬರೆದು ಡಾಕ್ಟರ ಕೈಗೆ ಕೊಟ್ಟಳು. ಅವರು ಓದಿ ಡ್ರಾಯರಿಗೆ ಹಾಕಿದರು. “ಫೈಲು ಕ್ಲೋಸ್ ಆಗಿದೆ. ಇದನ್ನ ಕಳಿಸಿದ್ರೆ ನಿಮ್ಮ ಜೊತೆ ನಾನೂ ಹೋಗ್ತೀನಿ, ಒಳಗಿದ್ದ ಡಾಕ್ಟರುಗಳೂ ಹೋಗ್ತಾರೆ.” ಅವಳು ಮತ್ತೊಂದು ಪ್ರತಿ ಬರೆದು ತಾನೇ ಬಳ್ಳಾರಿಗೆ ಟಪಾಲು ಹಾಕಿದಳು. ಉತ್ತರ ಬರಲಿಲ್ಲ. ಮಾರ್ಚಿನಲ್ಲಿ ದಿಲ್ಲಿಯ ಸರ್ಕಾರ ಬದಲಾಯಿತು. ಆ ಕ್ಯಾಂಪುಗಳ ಮಾತನ್ನೇ ಯಾರೂ ಎತ್ತದಂತಾಯಿತು. ಹೊನ್ನೂರಮ್ಮನನ್ನು ಮಾತ್ರ ಯಾರೂ ಕೆಲಸಕ್ಕೆ ವಾಪಸು ಕರೆಯಲಿಲ್ಲ.

ಸುವರ್ಣಮ್ಮ ಮೀಟಿಂಗುಗಳಲ್ಲಿ ಮಾತು ನಿಲ್ಲಿಸಿದಳು. ಕುರ್ಚಿಯಲ್ಲಿ ಕೂತು ಸುತ್ತೋಲೆ ಓದಿ ಎದ್ದುಬಿಡುವಳು. ಉಳಿದ ಏಳು ಜನ ಅದಕ್ಕೂ ಅರ್ಥ ಹಚ್ಚಿಕೊಂಡರು. ಅಕ್ಕಾರಿಗೆ ಬೇಜಾರಾಗಿದೆ, ನಮ್ಮ ಕೆಲಸ ಸಾಲುತ್ತಿಲ್ಲ ಎಂದು ಮೊದಲಿಗಿಂತ ಹೆಚ್ಚು ತಿರುಗತೊಡಗಿದರು. ಒಬ್ಬಳು ಮಗನಿಗೆ ದಡಾರ ಎದ್ದಿದ್ದರೂ ಡ್ಯೂಟಿಗೆ ಬಂದಳು. ಅದು ತಿಳಿದ ದಿನವೇ ಸುವರ್ಣಮ್ಮ ವರ್ಗಕ್ಕೆ ಅರ್ಜಿ ಹಾಕಿದಳು. ಬೀಳ್ಕೊಡುವಾಗ, “ನನ್ನ ತಪ್ಪು ಏನಾರ ಇದ್ರ ಒಂದು ಸಲ ಬಾಯಿಬಿಟ್ಟು ಹೇಳ್ರೇ” ಎಂದು ಅವರನ್ನು ಬೇಡಿಕೊಂಡಳು. ಏಳು ಜನರೂ ಬಿಕ್ಕಿ ಬಿಕ್ಕಿ ಅತ್ತರು. ಒಬ್ಬಳೂ ಹೇಳಲಿಲ್ಲ.

ಬಳ್ಳಾರಿಯಲ್ಲಿ ಅವಳಿಗೆ ಔಷಧದ ಸ್ಟೋರು ಕೊಟ್ಟರು. ಗಾಂಧಿನಗರದಲ್ಲಿ ಒಂದು ಕೋಣೆ ಹಿಡಿದಳು. ಕೈಕೆಳಗೆ ಯಾರೂ ಇಲ್ಲ, ಎಣಿಸಲು ಬಾಟಲಿಗಳು ಮಾತ್ರ. ಎರಡು ವರ್ಷ ಹಾಗೆಯೇ ಹೋಯಿತು. ೧೯೭೯ರ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಕಚೇರಿಯ ಗುಮಾಸ್ತ ಗವಿಸಿದ್ದಪ್ಪ ಐದಾರು ಜನರನ್ನು ಕಟ್ಟಿಕೊಂಡು ಅವಳ ಮೇಜಿನ ಬಳಿ ಬಂದ. ರಜದ ವಿಷಯಕ್ಕೆ ಸಾಹೇಬರ ಹತ್ತಿರ ಹೋಗಬೇಕಿತ್ತು.

“ನೀವು ಮುಂದ ನಿಂದರ್ರಿ ಅಮ್ಮಾರ. ನೀವು ಏನು ಅಂತೀರೋ ಅದಕ್ಕ ನಾವೆಲ್ಲ ಹೂಂ ಅಂತೀವಿ.”

“ಬ್ಯಾಡಪ್ಪ” ಎಂದಳು ಸುವರ್ಣಮ್ಮ. “ಇನ್ನೊಬ್ರ ಮಾತಿಗೆ ಹೂಂ ಅನಬ್ಯಾಡ್ರಿ. ನಿಮಗ ಏನು ಅನ್ನಿಸ್ತೈತೋ ಅದನ್ನ ನೀವೇ ವಿಚಾರ ಮಾಡ್ರಿ.”

ಗವಿಸಿದ್ದಪ್ಪ ಕಣ್ಣರಳಿಸಿ ಹಿಂದಿದ್ದವರ ಕಡೆ ತಿರುಗಿದ. “ಕೇಳಿದ್ರೇನ್ರಲೇ? ಎಂಥಾ ಮಾತು ಅಂದ್ರು ನೋಡ್ರಿ! ಇದಕ್ಕ ಇವರೇ ಬೇಕು ಅಂದದ್ದು ನಾನು.”

ಎಲ್ಲರೂ ತಲೆದೂಗಿ ಅವಳತ್ತ ನೋಡಿದರು. ಆ ನೋಟ ಅವಳಿಗೆ ಹೊಸದಲ್ಲ. ಸುವರ್ಣಮ್ಮ ಪೆನ್ನು ಮುಚ್ಚಿ, ಎದ್ದು, ಔಷಧ ಜೋಡಿಸಿದ್ದ ಒಳಕೋಣೆಗೆ ಹೋಗಿ ಅಗುಳಿ ಹಾಕಿಕೊಂಡಳು. ಅವರು ಹೊರಗೆ ಬಾಗಿಲ ಬಳಿಯೇ ಮರ್ಯಾದೆಯಿಂದ ಕಾಯುತ್ತಾ ನಿಂತರು.